ಭುಜದ ಅರ್ಧ ಇಂಚು

“ನಲವತ್ತೊಂದು ಜನರ ಎಡ ಭುಜಕ್ಕೂ ಬಲ ಭುಜಕ್ಕೂ ಅಳತೆ ಹೊಂದುತ್ತಿಲ್ಲ. ಬರೆಯುವಾಗ ತಪ್ಪಿರಬಹುದು. ಎಲ್ಲವನ್ನೂ ಸರಿಪಡಿಸಲೇ?” ಎಂದು ಎಐ ಕೇಳಿತು. ಅಮ್ಮನ ಹೊಲಿಗೆ ಅಂಗಡಿಯ ಅಳತೆ ಪುಸ್ತಕಗಳನ್ನೆಲ್ಲ ಬೆಳಗಿನಿಂದ ಫೋಟೊ ತೆಗೆದು ಅದಕ್ಕೆ ಒಪ್ಪಿಸಿದ್ದ ಮಗಳು ‘ಹೌದು’ ಒತ್ತಲು ಬೆರಳು ಚಾಚಿದಳು. ಸೋಮವಾರದಿಂದ ಅಂಗಡಿಯ ಕತ್ತರಿ ಅಮ್ಮನಿಂದ ಅವಳ ಕೈಗೆ ಬರುವುದಿತ್ತು.

“ತಡಿಯೇ! ಅದು ಸರಿ ಮಾಡಿದ್ರೆ ಅವರ ಬಟ್ಟೆಯೆಲ್ಲ ಕೆಡುತ್ತೆ.” ಅಮ್ಮ ಮಷೀನು ನಿಲ್ಲಿಸಿದಳು. “ಮೊದಲನೇದು ಯಾರದು?”

“ಪೋಸ್ಟ್‌ಮ್ಯಾನ್‌ದು.”

“ಚೀಲ ಹೊತ್ತೂ ಹೊತ್ತೂ ಬಲ ಭುಜ ಇಳಿದಿದೆ. ಆಮೇಲೆ?”

“ಪಿಟೀಲು ಮೇಷ್ಟ್ರು.”

“ಪಿಟೀಲು ಕೆಳಗಿಟ್ರೂ ಎಡ ಭುಜ ಇಳಿಸೋದಿಲ್ಲ, ಪುಣ್ಯಾತ್ಮ!”

ಮಗಳಿಗೆ ಕುತೂಹಲ ಹೆಚ್ಚಿತು. ಒಂದೊಂದೇ ಹೆಸರು ಓದುತ್ತಾ ಹೋದವಳು ಕೊನೆಯ ಹೆಸರಿಗೆ ಬಂದು ನಿಂತಳು. ಅದು ಅವಳದೇ ಅಳತೆ: ಎಡ ಭುಜ ಅರ್ಧ ಇಂಚು ಕೆಳಗೆ.

“ಅಮ್ಮಾ, ಇದಾದ್ರೂ ತಪ್ಪು ತಾನೇ? ಕನ್ನಡೀಲಿ ನಂಗೆ ಯಾವತ್ತೂ ಕಂಡಿಲ್ಲವಲ್ಲ!”

“ಕಾಣೋ ಹಾಗೆ ಹೊಲಿದಿದ್ರೆ ತಾನೇ ಕಾಣೋದು?” ಅಮ್ಮ ಹಲ್ಲಿನಿಂದ ದಾರ ಕಡಿದಳು.

ಮಗಳು ತನ್ನ ಅಂಗಿಯ ಎಡ ಭುಜವನ್ನು ಮುಟ್ಟಿ ನೋಡಿದಳು. ಒಳಗೆ ಬಟ್ಟೆಯ ಇನ್ನೊಂದು ಪದರ ಮೆತ್ತಗೆ ಸಿಕ್ಕಿತು. ಆ ಕೈಯನ್ನು ಅಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯಿಂದ ‘ಬೇಡ’ ಒತ್ತಿದಳು.