ಹಣ್ಣಿನಂಗಡಿಯ ಬೋರ್ಡು

ಬೋರ್ಡು ಬರೆಯುವವನಿಗೆ ಕಲ್ಪನಾಶಕ್ತಿ ಎಂಬುದು ಇರಲಿಲ್ಲ. ಅಕ್ಷರಗಳನ್ನೇನೋ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ. ಚಿತ್ರ ಬರೆಯಬೇಕೆಂದರೆ ಮಾತ್ರ ವಸ್ತು ಕಣ್ಣೆದುರೇ ಇರಬೇಕು. ಒಮ್ಮೆ ಚಪ್ಪಲಿ ಅಂಗಡಿಯ ಬೋರ್ಡಿಗೆಂದು ತನ್ನದೇ ಜೋಡನ್ನು ಎದುರಿಗಿಟ್ಟುಕೊಂಡಿದ್ದ. ಅದರ ಒಂದು ಉಂಗುಷ್ಠ ಕಿತ್ತಿತ್ತು. ಬೋರ್ಡಿನಲ್ಲೂ ಕಿತ್ತೇ ಬಂತು.

ಹಾಗಾಗಿ ಹಣ್ಣಿನಂಗಡಿಯಾಕೆ ಬೆಳಿಗ್ಗೆಯೇ ಒಂದು ಬುಟ್ಟಿ ಹಣ್ಣು ತಂದು ಅವನ ಮೇಜಿನ ಮೇಲಿಟ್ಟಿದ್ದಳು. ಇಪ್ಪತ್ತು ವರ್ಷ ತಳ್ಳುಗಾಡಿಯಲ್ಲಿ ಮಾರಿದವಳು, ನಾಳೆ ಮೊದಲ ಬಾರಿಗೆ ಅಂಗಡಿ ತೆರೆಯುವವಳಿದ್ದಳು. "ಸಂಜೆ ಐದಕ್ಕೆ ಬರ್ತೀನಿ. ಆಗಿಲ್ಲ ಅಂದ್ರೆ ಎದುರುಗಡೆ ಫ್ಲೆಕ್ಸಿನವನು ಅರ್ಧ ಗಂಟೇಲಿ ಮಾಡ್ಕೊಡ್ತಾನೆ, ಗೊತ್ತಲ್ಲ?" ಎಂದು ಹೇಳಿ ಹೋದಳು. ಗೊತ್ತಿಲ್ಲದೆ ಏನು? ಫ್ಲೆಕ್ಸಿನವನು ಬಂದು ಕೂತ ಮೇಲೆ ಇವನ ಕೈಗೆ ಸಿಕ್ಕ ಮೊದಲ ದೊಡ್ಡ ಬೋರ್ಡು ಇದೇ. ಇದೂ ಕೈತಪ್ಪಿದರೆ ಬ್ರಷ್ಷು ತೊಳೆದು ಅಟ್ಟಕ್ಕೆ ಹಾಕುವುದೊಂದೇ ಬಾಕಿ.

ಹತ್ತು ಗಂಟೆಗೆ ಅವನ ಅಕ್ಕ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು.

"ಲೋ, ಇವತ್ತೊಂದಿನ ನೋಡ್ಕೊಳೋ. ಮೂರು ಡಬ್ಬಿ ತಿಂಡಿ ಇಟ್ಟಿದೀನಿ. ಎರಡು ಗಂಟೆಗೆ ಒಂದ್ಸಲ ಕೊಡು. ಕೇಳಿದಾಗೆಲ್ಲ ಕೊಡ್ತಾ ಕೂತ್ರೆ ಕೊನೆಗೆ ನಿನ್ನನ್ನೂ ತಿಂದ್ಹಾಕ್ತಾಳೆ."

ಮಗುವಿಗೆ ಎರಡು ತುಂಬಲು ಇನ್ನೂ ಒಂದು ತಿಂಗಳಿತ್ತು. ಮನೆಯವರೆಲ್ಲ ಕರೆಯುತ್ತಿದ್ದದ್ದು ಗಿರಣಿ ಎಂದು. ಕಣ್ಣು ಬಿಟ್ಟಾಗ ಶುರುವಾದ ಬಾಯಿ ನಿದ್ದೆ ಬರುವ ತನಕ ಓಡುತ್ತಿತ್ತು. ಅಕ್ಕ ಬೀದಿಯ ತಿರುವು ದಾಟುವಷ್ಟರಲ್ಲಿ ಮೊದಲ ಡಬ್ಬಿ ಖಾಲಿ. ಹನ್ನೊಂದಕ್ಕೆ ಗಿರಣಿ ಮೂರನೆಯದರ ಮುಚ್ಚಳ ನೆಕ್ಕಿ ಕೆಳಗಿಟ್ಟು ಕೈ ಚಾಚಿದಳು.

"ಮಾಮ, ಇನ್ನಾ?"

"ಮುಗೀತು ತಾಯಿ. ಎಲ್ಲಾ ಮುಗೀತು."

"ಅದು?" ಬೆರಳು ಬುಟ್ಟಿಯ ಕಡೆಗಿತ್ತು.

ಬುಟ್ಟಿಯನ್ನು ಬಣ್ಣದ ಡಬ್ಬಗಳ ಪಕ್ಕ, ಎತ್ತರದ ಹಲಗೆಯ ಮೇಲಿಟ್ಟ. ಗಿರಣಿ ಸೂರು ಹಾರಿಹೋಗುವ ಹಾಗೆ ಅತ್ತಳು. ಅಲ್ಲಿಟ್ಟರೆ ಅವನಿಗೂ ಹಣ್ಣು ಕಾಣಿಸುತ್ತಿರಲಿಲ್ಲ. ಕೆಳಗಿಳಿಸಿದ. ಬೇರೆ ದಾರಿ ಕಾಣದೆ ರಾಜಿಗೆ ಬಂದ. "ನೋಡು, ಮಾಮ ಬರೆದು ಮುಗಿಸಿದ್ದೆಲ್ಲ ನಿಂಗೆ. ಅಲ್ಲೀವರೆಗೆ ಮುಟ್ಟೋ ಹಾಗಿಲ್ಲ. ಆಯ್ತಾ?"

"ಆತು," ಎಂದು ಗಿರಣಿ ಮಣೆಯ ಮೇಲೆ ಕೂತಳು. ಬ್ರಷ್ಷು ಎತ್ತ ಹೋದರೆ ಅವಳ ಕಣ್ಣೂ ಅತ್ತ. ಬಾಳೆಹಣ್ಣಿನ ಹಳದಿ ಬಳಿಯುವಷ್ಟರಲ್ಲಿ, "ಆತಾ?" ತೊಟ್ಟಿಗೆ ಬಂದಾಗ ಮತ್ತೆ, "ಆತಾ ಮಾಮ?" ಬೋರ್ಡಿನ ಮೇಲೆ ಬಣ್ಣ ಆರುವ ಮೊದಲೇ ಮೇಜಿನ ಮೇಲಿನ ಹಣ್ಣು ಮಾಯವಾಗುತ್ತಿತ್ತು. ದ್ರಾಕ್ಷಿಯನ್ನು ಒಂದೊಂದೇ ಸೀಳಿ ಕೊಟ್ಟ. ಸೇಬನ್ನು ತೆಳ್ಳಗೆ ಹೆಚ್ಚಿದ. ಹೆಚ್ಚುವ ಮುಂಚೆಯೇ ಅವಳು ಒಂದು ಬಾಯಿ ಹಾಕಿದ್ದಳು. ಕೊನೆಯ ಸಲ ನೋಡಿಕೊಂಡು ಅವನು ಬೋರ್ಡಿನ ಸೇಬಿಗೂ ಆ ಕಚ್ಚಿದ ಗುರುತು ಹಾಕಿದ. ಹನ್ನೆರಡು ವರ್ಷದ ಕಸುಬಿನಲ್ಲಿ ಅವನು ಬರೆಯುವುದನ್ನು ಯಾರೂ ಹೀಗೆ ಕಣ್ಣು ಮಿಟುಕಿಸದೆ ನೋಡಿರಲಿಲ್ಲ. ಕೈ ತಾನಾಗಿ ಓಡತೊಡಗಿತು. ಅವಳಿಗೆ ಹೆದರಿ ಓಡುತ್ತಿದ್ದರೂ ಅವನಿಗೆ ನಗು ಬರುತ್ತಿತ್ತು.

ನಾಲ್ಕು ಗಂಟೆಗೆ ಬೋರ್ಡಿನ ನಟ್ಟನಡುವೆ ಸೀಮೆಸುಣ್ಣದ ದೊಡ್ಡ ವೃತ್ತವೊಂದೇ ಉಳಿದಿತ್ತು. ಅದು ಕಲ್ಲಂಗಡಿಯ ಜಾಗ. ಬುಟ್ಟಿಯಲ್ಲಿ ಬಂದಿದ್ದ ಅರ್ಧ ಹೋಳು ಮೇಜಿನ ಮೇಲೆ ಕೆಂಪಗೆ ಹೊಳೆಯುತ್ತಿತ್ತು. ಅವನು ಬ್ರಷ್ಷು ತೊಳೆಯಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಗಿರಣಿ ಮೇಜಿನ ಮೇಲಿದ್ದಳು. ಹೋಳಿನಲ್ಲಿ ತಿರುಳಿರಲಿಲ್ಲ.

"ಅಯ್ಯೋ! ಮಾತು ಕೊಟ್ಟಿದ್ದೆಯಲ್ಲೇ!"

"ಆತು," ಎಂದಳು ಗಿರಣಿ, ತುಂಬಿದ ಬಾಯಲ್ಲೇ.

ತಲೆಯ ಮೇಲೆ ಕೈ ಹೊತ್ತು ನಿಂತ. ಇನ್ನೊಂದು ಹಣ್ಣು ತರಲು ಹೊತ್ತಿಲ್ಲ. ಕಣ್ಣು ಮುಚ್ಚಿ ಕಲ್ಲಂಗಡಿಯನ್ನು ನೆನೆದ. ಏನೂ ಬರಲಿಲ್ಲ. ಕಣ್ಣು ಬಿಟ್ಟ. ಎದುರಿಗಿದ್ದದ್ದು ಒಂದೇ: ಕಿವಿಯವರೆಗೆ ಕೆಂಪಾದ ಮುಖ, ಉಬ್ಬಿದ ಕೆನ್ನೆ, ಗಲ್ಲಕ್ಕೆ ಅಂಟಿದ ಎರಡು ಬೀಜ. ಕೆಂಪು ಬಣ್ಣವೇನೋ ಕಲಸಿಯೇ ಇತ್ತು.

ಐದಕ್ಕೆ ಸರಿಯಾಗಿ ಬಂದ ಹಣ್ಣಿನಂಗಡಿಯಾಕೆ ಸೊಂಟದ ಮೇಲೆ ಕೈಯಿಟ್ಟು ಬೋರ್ಡಿನ ಮುಂದೆ ನಿಂತಳು. ಕಚ್ಚಿದ ಸೇಬು ನೋಡಿದಳು. ನಡುವಿನ ಮುಖ ನೋಡಿದಳು. ಮೇಜಿನ ಕೆಳಗೆ ಸಿಪ್ಪೆ ಹಿಡಿದು ಕೂತಿದ್ದ ಅದೇ ಮುಖವನ್ನೂ ನೋಡಿದಳು.

"ಏನಯ್ಯಾ ಇದು? ನಾನು ಹೇಳಿದ್ದೇನು, ನೀನು ಬರೆದದ್ದೇನು?"

"ಅಳಿಸಿಬಿಡ್ತೀನಿ ಅಕ್ಕಾ. ಇನ್ನೊಂದು ಗಂಟೆ ಕೊಡಿ…"

"ಮುಟ್ಟಿದ್ರೆ ನೋಡು!" ಆಕೆ ಎಂಜಲು ನುಂಗಿದಳು. "ಇಪ್ಪತ್ತು ವರ್ಷ ಹಣ್ಣಿನ ಮಧ್ಯಾನೇ ನಿಂತಿದೀನಿ. ಒಂದು ದಿನಾನೂ ತಿನ್ನಬೇಕು ಅನ್ಸಿರ್ಲಿಲ್ಲ. ಥೂ, ಬಾಯಲ್ಲಿ ನೀರು ಬರ್ತಿದೆ. ಬುಟ್ಟೀಲಿ ಏನಾದ್ರೂ ಉಳಿದಿದ್ಯಾ?"

ಉಳಿದಿರಲಿಲ್ಲ.

ಮರುದಿನ ಬೋರ್ಡು ಏರಿತು, ಅಂಗಡಿ ತೆರೆಯಿತು. ದಾರಿಯಲ್ಲಿ ಹೋಗುವ ಮಕ್ಕಳೆಲ್ಲ ಅಪ್ಪ ಅಮ್ಮಂದಿರ ಕೈ ಜಗ್ಗಿ ನಿಂತವು. ಗಿರಣಿ ಅಂದು ಅತ್ತ ಸುಳಿದಿರಲಿಲ್ಲ. ಆದರೂ ರಾತ್ರಿ ಬಾಗಿಲು ಹಾಕುವಾಗ ಮಕ್ಕಳ ಹಲ್ಲಿನ ಗುರುತು ಹೊತ್ತು ಬುಟ್ಟಿಗೆ ವಾಪಸಾದವು ಹೀಗಿದ್ದವು: ಸೇಬು ಒಂಬತ್ತು, ಸೀಬೆ ಆರು, ಮನೆಗೆಂದು ಆಕೆ ಎತ್ತಿಟ್ಟುಕೊಂಡಿದ್ದ ಟೊಮೆಟೊದಲ್ಲಿ ಎರಡು, ಸಿಪ್ಪೆ ಸಮೇತ ಬಾಳೆಹಣ್ಣು ಒಂದು.