ಎರಡನೇ ಗೇರು

"ಹಂಗೆ ಹೇಳಿದ್ರೆ ತಿಳಿಯಲ್ಲಣ್ಣ. ಕೀ ತಿರುಗಿಸ್ದಾಗ ಕಾರು ಹೆಂಗೆ ಕೂಗ್ತದೋ ಹಂಗೇ ಕೂಗಿ ತೋರ್ಸಿ," ಎಂದ ಫೋನಿನಲ್ಲಿ ಸಕಲೇಶಪುರದ ಮೆಕ್ಯಾನಿಕ್ ಪ್ರವೀಣ. ವನಗೂರಿನ ಮೃತ್ಯುಂಜಯ ಪಕ್ಕದ ಸೀಟಿನತ್ತ ಕಳ್ಳನೋಟ ಹರಿಸಿದ. ಮಗಳು ಮಾನಸಾ ಗಡಿಯಾರವನ್ನೇ ನುಂಗುವಂತೆ ನೋಡುತ್ತಿದ್ದಳು. ಹತ್ತು ಗಂಟೆಗೆ ಹಾಸನದ ಕಾಲೇಜೊಂದರಲ್ಲಿ ಅವಳ ಸಂದರ್ಶನ. ಬಸ್ಸು ಆಗಲೇ ಹೋಗಿತ್ತು. ಅವಳಿಗೆ ಲೈಸೆನ್ಸ್ ಬಂದು ವರ್ಷವಾದರೂ ಘಟ್ಟದ ದಾರಿಯ ತಿರುವುಗಳಲ್ಲಿ ಒಬ್ಬಳನ್ನೇ ಬಿಡಲಾರೆನೆಂದು ಹಟ ಹಿಡಿದು ಅವನೇ ಹೊರಟಿದ್ದ.

ಗಂಟಲು ಸರಿಮಾಡಿಕೊಂಡು ಶುರುಮಾಡಿದ: "ಟಿಕ್ ಟಿಕ್ ಟಿಕ್ ಟಿಕ್..."

"ಹಲ್ಲಿ ಲೊಚಗುಟ್ದಂಗೋ, ಕೋಳಿ ಕಾಳು ಕುಕ್ಕಿದಂಗೋ?"

"ಕೋಳಿ ಕಣೋ ಮಾರಾಯ! ಬೇಗ ಹೇಳು!"

"ಹಂಗಾದ್ರೆ ಬ್ಯಾಟ್ರಿ ಮಲಗೈತೆ. ನಿಮ್ಮನೆ ಗೇಟು ದಾಟಿದ್ರೆ ಇಳಿಜಾರು ಐತಲ್ಲ? ಒಬ್ರು ತಳ್ಳಿ, ಇನ್ನೊಬ್ರು ಎರಡನೇ ಗೇರಲ್ಲಿ ಕ್ಲಚ್ ಬಿಡಿ. ಎಂಜಿನ್ ಮತ್ತೆ ನಿಂತ್ರೆ ಏಳಲ್ಲ, ನೋಡ್ಕಳಿ."

ಮಾನಸಾ ಇಳಿದು ತಳ್ಳಿದಳು. ಕಾರು ಗೇಣುದ್ದವೂ ಸರಿಯಲಿಲ್ಲ. ಮೃತ್ಯುಂಜಯ ಸ್ಟೇರಿಂಗ್ ಹಿಡಿದು ಚಡಪಡಿಸಿದ. ಕೊನೆಗೆ ಬಾಗಿಲು ತೆಗೆದು ಇಳಿದು, "ಕೂರು ನೀನು," ಎಂದ.

ಹೆಗಲು ಕೊಟ್ಟು ತಳ್ಳಿದ. ಕಾರು ಗೇಟು ದಾಟಿ ಉರುಳಿತು, ಮುಗ್ಗರಿಸಿತು, ಗುರ್ರೆಂದು ಜೀವ ಹಿಡಿಯಿತು. ಮೊದಲ ತಿರುವಿನಲ್ಲಿ ಕಾರಿನ ಹಿಂಬದಿಯ ಬ್ರೇಕಿನ ಕೆಂಪು ದೀಪ ಹತ್ತಿತು. ಮಾನಸಾ ಕಿಟಕಿಯಿಂದ ತಲೆ ಹೊರಹಾಕಿ, "ಅಪ್ಪಾ, ಬೇಗ ಬಾ, ಹತ್ಕೊ!" ಎಂದು ಕೂಗಿದಳು.

ಏದುಸಿರು ಬಿಡುತ್ತ ಓಡುತ್ತಿದ್ದ ಮೃತ್ಯುಂಜಯ ನಿಂತುಬಿಟ್ಟ. ಎರಡೂ ಕೈ ಬೀಸಿ, "ನಿಲ್ಲಿಸ್ಬ್ಯಾಡ ಕಣೇ!" ಎಂದು ಅರಚಿದ. "ಒಬ್ಳೇ ಹೋಗ್ಬುಡು!"