ನಿಧಿ ನಿಕ್ಷೇಪ ಸಹಿತ

ಬೆಟ್ಟದ ತಪ್ಪಲಿನ ಆ ಊರಿನಲ್ಲೊಂದು ಬಾಳೆತೋಟ ಕೊಂಡು ನೆಲೆಸಬೇಕೆಂಬುದು ಶ್ರೀಕಂಠಯ್ಯನವರ ಬಹುದಿನದ ಆಸೆ. ಕಡೆಗೆ ಮುದುಕಿ ಚಿಕ್ಕತಾಯಮ್ಮನ ತೋಟ ಸಿಕ್ಕಿತು. ತೋಟದ ಮನೆಯ ಜಗಲಿಯಲ್ಲಿ ಕುಳಿತು ಪತ್ರ ಬರೆಯುವವನು ಕ್ರಯಪತ್ರ ಓದಿದ: “ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಹಿತ...”

“ನಿಕ್ಷೇಪ ಅಂದ್ರೇನಪ್ಪಾ?” ಎಂದಳು ಮುದುಕಿ.

“ಭೂಮಿಯೊಳಗೆ ಹೂತಿರೋದು ಕಣವ್ವ.”

“ಹಂಗಾದ್ರೆ ಅದೊಂದ ಬುಟ್ಬುಡು. ಹೂತಿರೋದ ಕೊಡಕ್ಕಾಗಲ್ಲ.”

ಶ್ರೀಕಂಠಯ್ಯನವರ ಕಿವಿ ನೆಟ್ಟಗಾಯಿತು. ತೋಟದ ನಡುವಿನ ಹಲಸಿನ ಮರದ ಬುಡವನ್ನು ಮಾತ್ರ ಯಾರೂ ಉತ್ತಿಲ್ಲವೆಂಬುದನ್ನು ಅವರು ಮೊದಲ ದಿನವೇ ಗಮನಿಸಿದ್ದರು.

“ಅದಾಗಲ್ಲಮ್ಮ. ಕೊಟ್ಟರೆ ಅದನ್ನೂ ಸೇರಿಸಿ ಕೊಡಿ. ಇಲ್ಲದಿದ್ದರೆ ತೋಟವೇ ಬೇಡ.”

ಅವಳು ಆ ಮರದ ಕಡೆ ತಿರುಗಿ ನೋಡಿದಳು. ಕಣ್ಣಿನಲ್ಲಿ ನೀರೂ ಇರಲಿಲ್ಲ, ಮುಖದಲ್ಲಿ ಸಿಟ್ಟೂ ಇರಲಿಲ್ಲ.

“ಇನ್ನು ಅದೂ ನಿಮ್ದೇಯಾ, ಬುದ್ಧಿ? ಮಾದಪ್ಪನಾಣೆಗೂ?”

“ಮಾದಪ್ಪನಾಣೆಗೂ ನನ್ನದೇ.”

ಅವಳು ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

“ಮಾಲಯ ಅಮಾಸೆಗೆ ಆ ಮರದ ಬುಡಕ್ಕೆ ಎಡೆ ಇಕ್ಕೋದ ಮರೀಬ್ಯಾಡಿ. ನನ್ನ ಮಗನಿಗೆ ಒಬ್ಬಟ್ಟು ಬಿಸಿಯಾಗೇ ಇರಬೇಕು.”